ಎದುರಾಳಿಯ ಮಾತನ್ನೂ ಆಡಿದ ಅಕ್ಕ

ಹಳೆಯ ಸಾಮಾನು ಮಾರುವವರಿಗೆ ನಾನು ಹೇಳುವ ಬುದ್ಧಿಮಾತು ಒಂದೇ: ಕೊಳ್ಳುವವನು ಎದುರಿಗಿರುವಾಗ ಯಾವ ವಸ್ತುವನ್ನೂ ಕೈಗೆತ್ತಿಕೊಂಡು ನೋಡುತ್ತ ನಿಲ್ಲಬೇಡಿ. ನಿಂತಿರೋ, ವ್ಯಾಪಾರ ಅಲ್ಲಿಗೆ ಮುಗಿಯಿತು. ಮೊನ್ನೆ ಕೊಪ್ಪದ ನನ್ನ ಗೋಡೌನಿನಲ್ಲಿ ನಾನೇ ಹಾಗೆ ನಿಂತುಬಿಟ್ಟೆ.

ತೀರ್ಥಹಳ್ಳಿ ಕಡೆಯ ಗುಜರಿ ವ್ಯಾಪಾರಿಯೊಬ್ಬ ಬಂದಿದ್ದ. ಕೆಟ್ಟ ಆಂಪ್ಲಿಫೈಯರ್‌ಗಳು, ತುಕ್ಕು ಹಿಡಿದ ಹಾರ್ನ್‌ಗಳು, ಇಲಿ ಕಡಿದ ವಯರು, ಶಾಮಿಯಾನದ ಹರಕು... ಎಲ್ಲವನ್ನೂ ಒಟ್ಟಿಗೇ ಎತ್ತಿಕೊಂಡು ಹೋಗುವ ಮಾತಾಗಿತ್ತು. ಮೂಲೆಯ ತಗಡಿನ ಪೆಟ್ಟಿಗೆ ತೆರೆದಾಗ ಒಂದು ಮೈಕು ಸಿಕ್ಕಿತು. ಅದರ ತಲೆಗೆ ಕೆಂಪು ರವಿಕೆ ಬಟ್ಟೆಯ ಟೊಪ್ಪಿ. ಒಳಗಿನ ಸ್ಪಂಜು ಹರಿದದ್ದಕ್ಕೆ ಮೇಲಿನಿಂದ ಹೊಲಿದದ್ದು. ಜಾರದ ಹಾಗೆ ಅಂಚಿಗೆ ಎಲಾಸ್ಟಿಕ್ ಬೇರೆ. ಯಾಕೋ ಅದನ್ನು ಮೂಗಿನ ಹತ್ತಿರ ತಂದೆ. ಧೂಳು, ತುಕ್ಕು, ಇಲಿಹಿಕ್ಕೆ. ಅವೆಲ್ಲದರ ಹಿಂದೆ ತೆಳ್ಳಗೆ ಒಂದೆಳೆ ಲವಂಗದ ವಾಸನೆ...

"ಅದನ್ನೂ ಇದ್ರಾಗೇ ಸೇರ್ಸಿ ಮಾರಾಯ್ರೆ" ಎಂದ ಗುಜರಿಯವನು. ನಾನು ಆಗಲೇ ಬೇರೆಲ್ಲೋ ಇದ್ದೆ.

ಆ ಲವಂಗದ ವಾಸನೆಯ ಹೆಂಗಸು ನನಗೆ ನೆಂಟಳಲ್ಲ. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಎಂದೆ. ಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ದಾರಿಯಲ್ಲಿ ಒಳಗೆ ಒಂದು ದೊಡ್ಡ ಕಾಫಿ ತೋಟವಿದೆ. ಅದರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವಳು. ಲೈನ್ ಮನೆ ಎಂದರೆ ಕೂಲಿಯವರಿಗಾಗಿ ತೋಟದವರು ಕಟ್ಟಿಸಿದ, ಒಂದೇ ಮಾಡಿನ ಕೆಳಗೆ ಸಾಲಾಗಿ ನಿಂತ ಕೋಣೆಗಳು. ಮೈಯಲ್ಲಿ ಕಸುವಿದ್ದು ಕೆಲಸಕ್ಕೆ ಹೋಗುವವರೆಗೆ ಅದು ನಿಮ್ಮ ಮನೆ. ಆಮೇಲೆ ಅಲ್ಲ.

ನಾನು ಆಗ ಹೊಸದಾಗಿ ಮೈಕ್ ಸೆಟ್ ಇಟ್ಟಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಹುರಿಗಡಲೆ ಮಾರುತ್ತಿದ್ದವನು, ಯಾರೋ ಬೇಡವೆಂದು ಬಿಸಾಡಲಿದ್ದ ಸೆಟ್ಟನ್ನು ಚೌಕಾಸಿ ಮಾಡಿ ತಂದು, ರಿಪೇರಿ ಕಲಿತು, ಬಾಡಿಗೆಗೆ ಬಿಟ್ಟವನು. ಆ ತೋಟದ ಸಾಹುಕಾರರು ನನ್ನ ಮೊದಲ ಗಿರಾಕಿಗಳಲ್ಲಿ ಒಬ್ಬರು. ಅವರಿಗೆ ತಾಳಮದ್ದಲೆ ಎಂದರೆ ಪ್ರಾಣ. ಅದು ಕೂತು ಆಡುವ ಯಕ್ಷಗಾನ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಹಾಡುತ್ತಾರೆ, ಮದ್ದಲೆ ನುಡಿಯುತ್ತದೆ, ಅರ್ಥಧಾರಿಗಳು ಎದುರುಬದುರು ಕೂತು ಪುರಾಣದ ಪಾತ್ರಗಳಾಗಿ ವಾದ ಮಾಡುತ್ತಾರೆ. ಆ ಮಾತಿಗೇ ಅರ್ಥ ಎನ್ನುವುದು. ಬರೆದುಕೊಟ್ಟದ್ದೆಂಬುದಿಲ್ಲ, ಎಲ್ಲ ಆಗಲೇ ಅಲ್ಲೇ ಹುಟ್ಟಬೇಕು. ವರ್ಷಕ್ಕೊಮ್ಮೆ ಒಂದು ಭಾನುವಾರ ಮಧ್ಯಾಹ್ನ ಸಾಹುಕಾರರ ಅಂಗಳದಲ್ಲಿ ಕೂಟ ನಡೆಯುತ್ತಿತ್ತು. ಬೇಲಿಯ ಒಳಗೆ ನೆಂಟರಿಷ್ಟರು; ಕೂಲಿಯವರು ತಮ್ಮ ಲೈನಿನಲ್ಲೇ. ನಾನು ಒಂದು ಹಾರ್ನನ್ನು ಅಂಗಳಕ್ಕೆ, ಇನ್ನೊಂದನ್ನು ಹಲಸಿನ ಮರಕ್ಕೆ ಕಟ್ಟಿ ಲೈನಿನ ಕಡೆಗೆ ತಿರುಗಿಸುತ್ತಿದ್ದೆ.

ಒಂದು ವರ್ಷ ಅಂಗಳದಲ್ಲಿ ಜನ ಹೆಚ್ಚು. ಕೂಟದ ನಡುವೆ ಆ ಎರಡನೆಯ ಹಾರ್ನನ್ನೂ ಒಳಕ್ಕೆ ತಿರುಗಿಸಿದೆ. ಎಲ್ಲ ಮುಗಿದು ವಯರು ಸುತ್ತುತ್ತಿದ್ದಾಗ, ಕಾಫಿ ಹಣ್ಣು ಕೊಯ್ದು ಕಪ್ಪಾದ ಕೈಯನ್ನು ಸೊಂಟಕ್ಕಿಟ್ಟುಕೊಂಡು ಒಬ್ಬ ಹೆಂಗಸು ಬಂದು ನಿಂತಳು.

"ಹಾರ್ನ್ ಎಂತಕ್ಕೆ ಆಚೆ ತಿರ್ಗಿಸ್ದೆ?"

"ಒಳಗೆ ಜನ ಜಾಸ್ತಿ ಇದ್ರು."

"ಎದುರಾಳಿ ಮಾತು ಶುರು ಆಗೋ ಹೊತ್ತಿಗೆ ಸರಿಯಾಗಿ ತಿರ್ಗಿಸಿದ್ಯಲ್ಲ ಮಾರಾಯ. ಒಂದೇ ಕಡೆ ಕೇಳಿ ನಾನು ಎಂತ ತೀರ್ಮಾನ ಮಾಡದು?"

"ನಿಮ್ಮನ್ನ ತೀರ್ಮಾನ ಮಾಡಿ ಅಂತ ಕೇಳ್ದೋರು ಯಾರು?"

"ಯಾರೂ ಕೇಳದಿಲ್ಲ. ಅದ್ಕೇ ನಾನೇ ಮಾಡ್ಕಳದು" ಎಂದಳು, ನಗದೆ.

ಹೀಗೆ ನಮ್ಮ ಪರಿಚಯ ಜಗಳದಲ್ಲಿ ಶುರುವಾಯಿತು. ವರ್ಷಾನುಗಟ್ಟಲೆ ಆ ಹಾರ್ನಿನಿಂದ ಕೇಳಿ ಕೇಳಿಯೇ ಆಕೆಗೆ ಪ್ರಸಂಗಗಳೆಲ್ಲ ಬಾಯಿಗೆ ಬಂದಿದ್ದವು. ಕಾಫಿ ಕೊಯ್ಯುವಾಗ ಒಂದು ಗಿಡದವಳು ರಾಜ, ಪಕ್ಕದ ಗಿಡದವಳು ಮಂತ್ರಿ. ಇವಳು ಇಬ್ಬರಿಗೂ ಮಾತು ಹೇಳಿಕೊಡುತ್ತಿದ್ದಳಂತೆ. ಶೃಂಗೇರಿಯಲ್ಲಿ ಹೆಂಗಸರದೇ ಒಂದು ತಾಳಮದ್ದಲೆ ತಂಡ ಆಗ ಹುಟ್ಟಿಕೊಂಡಿತ್ತು. ಯಾತ್ರಿಕರ ವಸತಿಗೃಹವೊಂದರ ಊಟದ ಹಾಲಿನಲ್ಲಿ ಅಭ್ಯಾಸ. ಅವರಿಗೆ ಮೈಕು ಕೊಡುವವನು ನಾನೇ. "ನಮ್ಮ ಕಡೆ ಒಬ್ಬಳಿದ್ದಾಳೆ, ಒಮ್ಮೆ ಕೂರಿಸಿ ನೋಡಿ" ಎಂದೆ. ಅವರು ಸುಮ್ಮನೆ ತಲೆಯಾಡಿಸಿದರು. ಒಂದು ಭಾನುವಾರ ಎದುರಾಳಿ ಪಾತ್ರದ ಹೆಂಗಸು ಬರಬೇಕಿದ್ದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಾಗ ಇವಳನ್ನು ಕೂರಿಸಿದರು. ಆಮೇಲೆ ಏಳಿಸಲಿಲ್ಲ.

ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡೇ ಮೈಕಿನ ಮುಂದೆ ಕೂರುತ್ತಿದ್ದಳು. ಎಲ್ಲರ ಹಾಗೆ ಹಲೋ ಹಲೋ ಎನ್ನುತ್ತಿರಲಿಲ್ಲ. ಮೈಕಿಗೆ ಬಾಯಿ ತಂದು, "ಕಡೇ ಸಾಲಿನೋರಿಗೆ ಕೇಳ್ತದಾ?" ಎಂದು ಕೇಳುವಳು. ಹಿಂದಿನಿಂದ ಯಾರಾದರೂ ಕೇಳ್ತದೆ ಎನ್ನುವವರೆಗೆ ಅರ್ಥ ಶುರು ಮಾಡುತ್ತಿರಲಿಲ್ಲ. ಭಾಗವತರು ಕಾಯಬೇಕು, ಮದ್ದಲೆಯವರು ಕಾಯಬೇಕು. ನನ್ನ ಮೈಕಿನ ಸ್ಪಂಜು ಹರಿದು ತಂತಿಯ ಜಾಲರಿ ಕಾಣುವುದನ್ನು ನೋಡಿ ಈ ಕೆಂಪು ಟೊಪ್ಪಿ ಹೊಲಿದು ತಂದವಳೂ ಅವಳೇ. "ಮೈಕಿಗೂ ಮಾನ ಬೇಡ್ವನಾ?" ಎಂದಿದ್ದಳು.

ಆಕೆ ಯಾವಾಗಲೂ ಸೋಲುವ ಪಾತ್ರವನ್ನೇ ಕೇಳಿ ತೆಗೆದುಕೊಳ್ಳುತ್ತಿದ್ದಳು. ಗೆಲ್ಲುವವನಿಗೆ ಕಥೆಯೇ ಬೆಂಬಲಕ್ಕಿದೆ, ಸೋಲುವವನಿಗೆ ಅವನ ಮಾತು ಬಿಟ್ಟರೆ ಇನ್ನೇನೂ ಇಲ್ಲ ಎನ್ನುವಳು. ಅವಳ ಅರ್ಥಗಾರಿಕೆಗೆ ಒಂದು ಕ್ರಮವಿತ್ತು. ಎದುರಿಗೆ ಕೂತವರು ಹೇಳಬಹುದಾದ ಅತ್ಯುತ್ತಮ ಮಾತು ಯಾವುದೋ ಅದನ್ನು ಮೊದಲು ತಾನೇ ಹೇಳಿಬಿಡುತ್ತಿದ್ದಳು. ಅವರಿಗೇ ಹೊಳೆಯದಷ್ಟು ಚೆಂದವಾಗಿ, ಪೂರ್ತಿಯಾಗಿ. ಆಮೇಲೆ ಒಂದು ಗುಟುಕು ನೀರು ಕುಡಿದು, "ಈಗ ನನ್ನ ಮಾತು" ಎಂದು ಶುರು ಮಾಡುವಳು. ಆ ನೀರು ಕುಡಿಯುವ ಹೊತ್ತಿನಲ್ಲಿ ಸಭೆ ಉಸಿರು ಬಿಗಿಹಿಡಿದಿರುತ್ತಿತ್ತು... ಇಷ್ಟು ದೊಡ್ಡ ಮಾತಿಗೆ ಇನ್ನು ಉತ್ತರ ಎಲ್ಲಿಂದ ತರುತ್ತಾಳೆ ಎಂದು.

ವ್ಯಾಪಾರ ಮಾಡುವವರು ಇದನ್ನು ಸ್ವಲ್ಪ ಕಲಿಯಬೇಕು. ಗಿರಾಕಿ ಕೇಳುವ ಮೊದಲೇ ಅವನ ತಕರಾರನ್ನು ನೀವೇ ಹೇಳಿ ನೋಡಿ. ಅವನ ಅರ್ಧ ಜೋರು ಇಳಿದುಹೋಗುತ್ತದೆ. ಆದರೆ ಸ್ವಲ್ಪ ಮಾತ್ರ. ಅಕ್ಕನಷ್ಟು ಪೂರ್ತಿ ಹೇಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ.

ಆಕೆಯ ಅವ್ವನಿಗೆ ಮಂಡಿ ಹಿಡಿದು ಕೆಲಸಕ್ಕೆ ಹೋಗಲಾಗದೆ ಹೋಯಿತು. ಅಕ್ಕ ಅಷ್ಟರಲ್ಲಿ ಕೂಟಗಳಿಗೆ ತಿರುಗಾಡಲು ಅನುಕೂಲವೆಂದು ತೋಟದ ಕೆಲಸ ಬಿಟ್ಟು ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಹೊಲಿಗೆಗೆ ಕೂತಿದ್ದಳು. ಹೀಗೆ ಆ ಕೋಣೆಯಿಂದ ಕೆಲಸಕ್ಕೆ ಹೋಗುವವರೇ ಇಲ್ಲವೆಂದಾಯಿತು. ತೋಟದ ಲೆಕ್ಕ ಬರೆಯುವ ರೈಟರು ಬಂದು, ಹೊರಗಿನಿಂದ ಹೊಸ ಆಳುಗಳು ಬರುತ್ತಿದ್ದಾರೆ, ಕೋಣೆ ಬೇಕು ಎಂದರು. ಬೈಯಲಿಲ್ಲ, ಸಾಮಾನು ಹೊರಗೆ ಎಸೆಯಲಿಲ್ಲ. ಜೀಪಿನಲ್ಲಿ ಹಾಕಿ ಕೊಪ್ಪದವರೆಗೆ ಬಿಟ್ಟುಕೊಟ್ಟರು. ಅದನ್ನೂ ಅಕ್ಕ ಮರೆಯದೆ ಹೇಳುತ್ತಿದ್ದಳು.

ಹೊಲಿಗೆ ಅಂಗಡಿಯ ಹಿಂದಿನ ಬಾಡಿಗೆ ಕೋಣೆಯಲ್ಲಿ ಆ ಮುದುಕಿ ಬಹಳ ದಿನ ಇರಲಿಲ್ಲ. ನಾನು ಹೋದಾಗೆಲ್ಲ ಗೋಡೆ, ಕಿಟಕಿ ನೋಡುತ್ತ ಮಲಗಿರುತ್ತಿದ್ದಳು. "ಕೂಸೇ, ಇದು ಯಾರ ಮನೆ?" ಎಂದು ಕೇಳುವಳು. "ಬಾಡಿಗೆದು ಅವ್ವ." ಸ್ವಲ್ಪ ಹೊತ್ತಿಗೆ ಮತ್ತೆ, "ಇದು ಯಾರ ಮನೆ?" ಎದುರಿಗೆ ಯಾರಿದ್ದರೂ ಮಾತು ಸೋಲದ ಅಕ್ಕ ಆ ಎರಡನೆಯ ಪ್ರಶ್ನೆಗೆ ಮಾತ್ರ ಪ್ರತಿಸಲ ಹೊಲಿಗೆ ಮೆಷಿನ್ನು ಜೋರಾಗಿ ತುಳಿಯುತ್ತಿದ್ದಳು. ಮುದುಕಿ ಕೊನೆಯದಾಗಿ ಕೇಳಿದ್ದೂ ಅದನ್ನೇ...

ಆ ವರ್ಷ ಜಿಲ್ಲಾ ಪಂಚಾಯ್ತಿ ಚುನಾವಣೆ ಬಂತು. ಅಕ್ಕ ನನ್ನ ಅಂಗಡಿಗೆ ಬಂದು, "ಜೀಪಿಗೆ ಕಟ್ಟೋ ಮೈಕು ಬೇಕು. ನಾನು ನಿಲ್ತಿದ್ದೀನಿ" ಎಂದಳು.

"ನಿಂಗೆ ತಲೆ ಕೆಟ್ಟಿದ್ಯನಾ ಅಕ್ಕ? ಕೂಟದಾಗೆ ಎಷ್ಟು ಚೆಂದ ಹೆಸರು ಮಾಡಿದೀಯ."

"ಕೂಟದಾಗೆ ರಾಜನ್ನ ಎಷ್ಟು ಸಲ ನಿಲ್ಸಿ ಕೇಳಿದ್ದೀನಿ ಹೇಳು. ಜನ ಚಪ್ಪಾಳೆ ಹೊಡ್ದು ಊಟಕ್ಕೆ ಎದ್ದು ಹೋಗ್ತಾರೆ. ರಾಜನೂ ಅವರ ಜೊತೆಗೇ ಊಟಕ್ಕೆ ಕೂರ್ತಾನೆ."

ಅವಳಿಗೆ ಬೇಕಿದ್ದದ್ದು ಒಂದೇ. ಲೈನಿನಲ್ಲಿರುವವರಿಗೆ ಅವರದೇ ಹೆಸರಿನ ಜಾಗ, ಅವರದೇ ಬಾಗಿಲು. ಕೆಲಸ ನಿಂತ ದಿನ ಯಾರೂ ಬಂದು ಕೋಣೆ ಬೇಕು ಎನ್ನಬಾರದು. ಇದು ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರು ತಾಲ್ಲೂಕಿನದಷ್ಟೇ ಅಲ್ಲ, ದೇಶದಲ್ಲಿ ಎಲ್ಲೆಲ್ಲಿ ಇನ್ನೊಬ್ಬರ ಮಾಡಿನ ಕೆಳಗೆ ಮಲಗುವವರಿದ್ದಾರೋ ಎಲ್ಲರದೂ ಎನ್ನುತ್ತಿದ್ದಳು. ಹೋಟೆಲಿನಲ್ಲಿ ಕಾಲೆಳೆಯುವವರಿಗೆ ಅಷ್ಟು ಸಾಕಾಗಿತ್ತು.

"ದೇಶ ಸರಿ ಮಾಡ್ತೀಯಂತೆ ಅಕ್ಕ? ಮೊದ್ಲು ನನ್ನ ಹೆಂಡ್ತಿ ರವಿಕೆ ತೋಳು ಸರಿ ಮಾಡ್ಕೊಡು."

"ಮಾಡ್ಕೊಡ್ತೀನಿ ತಗಾ. ದೇಶದ್ದೂ ಅಲ್ಲೇ ಬಿಗಿ ಆಗಿರದು, ತೋಳು ಎತ್ತಕ್ಕೇ ಆಗದಿಲ್ಲ."

ಹೋಟೆಲಿನವನೂ ನಕ್ಕು ಕಾಫಿ ಚೆಲ್ಲಿಕೊಂಡ.

ಎದುರಾಳಿ ಯಾರು ಎಂದರೆ ಅದೇ ತೋಟದ ಸಾಹುಕಾರರು. ಅಕ್ಕ ಪಕ್ಷೇತರ. ಚುನಾವಣೆಯವರು ಅವಳಿಗೆ ಕೊಟ್ಟ ಗುರುತು ಸೀಟಿ. "ಮೈಕಿನ ಮುಂದೆ ಕೂತು ಮುದುಕಿ ಆದವಳಿಗೆ ಸೀಟಿ ಕೊಟ್ರಲ್ಲನಾ! ನಿನ್ನ ಮೈಕು ದಿನಾ ಹೊಡೀತದಲ್ಲ, ಅದನ್ನೇ ಪ್ರಚಾರ ಅಂತ ಬಿಡಾಣ" ಎಂದು ನನ್ನನ್ನೇ ಹಾಸ್ಯ ಮಾಡಿದಳು.

ನಾನು ಜೀಪಿನ ಜೊತೆ ಹೋಗುತ್ತಿದ್ದೆ. ಹೋಗುತ್ತ ಉಪದೇಶ ಮಾಡುತ್ತಿದ್ದೆ. ಚುನಾವಣೆ ಎಂದರೆ ಸಂತೆ, ನಿನ್ನ ಸರಕನ್ನು ಮಾತ್ರ ಹೊಗಳು, ಪಕ್ಕದ ಅಂಗಡಿಯ ಹೆಸರೇ ಎತ್ತಬೇಡ ಎಂದೆ. ಯಾವ ಪಕ್ಷದ ಮೈಕು ಕಟ್ಟಿದರೂ ನಾನು ಕೇಳಿಸಿಕೊಂಡದ್ದು ಹಾಗೆಯೇ: ಬೈಯಬೇಕು, ಇಲ್ಲವೇ ಹೆಸರೆತ್ತಬಾರದು. ಅವಳು ತಲೆಯಾಡಿಸಿದಳು. ಆದರೆ ನನಗೆ ಗೊತ್ತಿತ್ತು, ಆ ತಲೆಯಾಡಿಸುವಿಕೆ ಶೃಂಗೇರಿಯ ತಂಡದವರು ನನಗೆ ಆಡಿಸಿದಂಥದ್ದು.

ಬಹಿರಂಗ ಪ್ರಚಾರದ ಕೊನೆಯ ಸಂಜೆ ಸಂತೆ ಮೈದಾನದಲ್ಲಿ ಅಕ್ಕನ ಸಭೆ ಇತ್ತು. ಅವಳ ಕೂಟದ ಅಭಿಮಾನಿಗಳು, ಲೈನಿನವರು, ಕುತೂಹಲಕ್ಕೆ ಬಂದವರು, ಎಲ್ಲ ಸೇರಿ ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ. ಹಿಂದಿನ ಸಾಲಿನಲ್ಲಿ ಸಾಹುಕಾರರ ಕಡೆಯ ಹುಡುಗರೂ ಫೋನು ಹಿಡಿದು ನಿಂತಿದ್ದರು. ನಮ್ಮ ಸಭೆಗಳ ರೋಗ ನಿಮಗೆ ಗೊತ್ತೇ ಇದೆ. ಸ್ವಾಗತದವರು ಭಾಷಣ ಮಾಡಿದರು, ಪ್ರಸ್ತಾವನೆಯವರು ಭಾಷಣ ಮಾಡಿದರು, ಎರಡು ಮಾತು ಎಂದು ಎದ್ದವರು ಹೊತ್ತು ಇಳಿಸಿದರು. ಅಕ್ಕನ ಕೈಗೆ ಮೈಕು ಬರುವಾಗ ಪ್ರಚಾರ ನಿಲ್ಲಿಸಬೇಕಾದ ಗಳಿಗೆ ಹತ್ತಿರ ಬಂದಿತ್ತು. ಚುನಾವಣಾ ಕೆಲಸದ ಅಧಿಕಾರಿಯೊಬ್ಬರು ವೇದಿಕೆಯ ಬದಿಗೆ ಬಂದು ನಿಂತಿದ್ದರು.

"ಕಡೇ ಸಾಲಿನೋರಿಗೆ ಕೇಳ್ತದಾ?"

"ಕೇಳ್ತದೆ!" ಎಂದಿತು ಮೈದಾನ.

ಆಮೇಲೆ ಅವಳು ಶುರು ಮಾಡಿದ್ದು ಕೇಳಿ ನಾನು ಆಂಪ್ಲಿಫೈಯರ್ ಬಿಟ್ಟು ಎದ್ದು ನಿಂತೆ. "ಈಗ ಸಾವ್ಕಾರ್ರು ಇಲ್ಲಿ ಕೂತಿದ್ರೆ ಎಂತ ಹೇಳ್ತಿದ್ರು? ಕೇಳಿ" ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಳು. ಅಷ್ಟೇ. ಸೀರೆ ಅದೇ, ಮುಖ ಅದೇ. ಕೂತದ್ದು ಮಾತ್ರ ಸಾಹುಕಾರರು.

"ನನ್ನ ಜನರೇ. ನಿಮ್ಮ ಅಪ್ಪಂದಿರು ನನ್ನ ಅಪ್ಪನ ಜೊತೆ ಈ ಗುಡ್ಡ ಹತ್ತಿದವರು. ನಿಮ್ಮ ಮನೆಯಲ್ಲಿ ಜ್ವರ ಬಂದಾಗ ನನ್ನ ಜೀಪು ಬಂದಿದೆ. ನಿಮ್ಮ ಹೆಣ್ಣುಮಕ್ಕಳ ಮದುವೆಗೆ ನನ್ನ ಅಂಗಳ ಬಂದಿದೆ. ಕಾಫಿಗೆ ಬೆಲೆ ಇಲ್ಲದ ವರ್ಷವೂ ನಿಮ್ಮ ಒಲೆ ಆರಲಿಲ್ಲ. ಇಷ್ಟು ಮಾಡಿದ ನಾನು ಒಂದನ್ನು ಮಾಡಲಿಲ್ಲ. ನೀವು ಕೇಳಲಿಲ್ಲ, ನಾನು ಕೊಡಲಿಲ್ಲ. ರಸ್ತೆಬದಿಯಲ್ಲಿ ನನ್ನ ಬ್ಯಾಣ ಇದೆ, ದನ ಮೇಯಲು ಬಿಟ್ಟ ಹುಲ್ಲುಗುಡ್ಡ. ಅದರಿಂದ ನನಗೇನೂ ಹುಟ್ಟುವುದಿಲ್ಲ. ನಾನು ಗೆದ್ದರೆ ಅದನ್ನು ಬಿಟ್ಟುಕೊಡುತ್ತೇನೆ. ಪಂಚಾಯ್ತಿಯಿಂದ ಸೈಟು ಮಾಡಿಸಿ, ನಿಮ್ಮ ನಿಮ್ಮ ಹೆಸರಿಗೆ ಹಕ್ಕುಪತ್ರ ಕೊಡಿಸುತ್ತೇನೆ. ನನ್ನ ಲೈನಿನಲ್ಲಿ ಹುಟ್ಟಿದವರು ಯಾರ ಮನೆ ಎಂದು ಕೇಳುತ್ತ ಸಾಯಬಾರದು."

ಮೈದಾನ ಚಪ್ಪಾಳೆಯಿಂದ ಎದ್ದು ಕೂತಿತು. ಹಿಂದಿನ ಹುಡುಗರೂ ಹೊಡೆದರು. ಅಕ್ಕ ನೀರಿನ ಲೋಟಕ್ಕೆ ಕೈ ಚಾಚಿದಳು. ಆಗ ಅಧಿಕಾರಿ ಮುಂದೆ ಬಂದು ಗಡಿಯಾರ ತೋರಿಸಿದರು.

ನಾನು ಕೈ ಮುಗಿದೆ. "ಸಾರ್, ಅರ್ಧ ಮಾತು ಆಗಿದ್ದಷ್ಟೆ. ಒಂದು ಚೂರು..." ಜೀವಮಾನದ ಚೌಕಾಸಿಯನ್ನೆಲ್ಲ ಆ ಒಂದು ವಾಕ್ಯದಲ್ಲಿ ಹಾಕಿದ್ದೆ. ಅವರು ಪಾಪ, ಬೇಸರದಿಂದಲೇ ತಲೆ ಅಲ್ಲಾಡಿಸಿದರು. ಅಕ್ಕ ಇಬ್ಬರನ್ನೂ ನೋಡಿದಳು. ಲೋಟ ಕೆಳಗಿಟ್ಟಳು.

"ಸಾಯೇಬ್ರು ಹೇಳದು ಸರಿ. ಹೊತ್ತು ಎಲ್ಲರಿಗೂ ಒಂದೇ. ಬಂದ್ ಮಾಡು ಮಾರಾಯ."

ಉಳಿದರ್ಧ ಅವಳ ಬಾಯಲ್ಲೇ ಉಳಿಯಿತು.

ಬೆಳಗಾಗುವುದರೊಳಗೆ ಕೊಪ್ಪ, ಶೃಂಗೇರಿ, ಶೆಟ್ಟಿಕೊಪ್ಪ, ಎಲ್ಲಾ ಕಡೆ ವಾಟ್ಸಾಪಿನಲ್ಲಿ ಆ ವಿಡಿಯೋ ಓಡಾಡುತ್ತಿತ್ತು. ಅಕ್ಕನ ಪೀಠಿಕೆ ಕತ್ತರಿಸಿ, ಬರೀ ಸಾಹುಕಾರರ ಪಾಲಿನ ಮಾತು. ಮೇಲೆ ಒಂದು ಸಾಲು: ಎದುರಾಳಿಯೇ ಒಪ್ಪಿಕೊಂಡ ಸತ್ಯ, ಸಾಹುಕಾರರ ಭರವಸೆ, ಎಲ್ಲರಿಗೂ ಕಳಿಸಿ. ಸಾಹುಕಾರರ ಸ್ವಂತ ಗುಂಪಿನಿಂದಲೇ ಅದು ಹೊರಟದ್ದು.

ಮೈಕಿಗೆ ಅನುಮತಿ ಇರಲಿಲ್ಲ. ಮನೆಮನೆಗೆ ಹೋಗುವುದಕ್ಕೆ ಇತ್ತು. ಅಕ್ಕ ನಡೆದಳು. ನಾನೂ ಅಂಗಡಿ ಮುಚ್ಚಿ ಜೊತೆಗೆ ಹೋದೆ. ಸಾಹುಕಾರರ ಲೈನಿನಲ್ಲಿ ಒಲೆಯ ಮುಂದೆ ಕೂತಿದ್ದ ಮುದುಕಿಯೊಬ್ಬಳು, "ನಿನ್ನೆ ನೀನು ಸಾವ್ಕಾರ್ರು ಆಗಿದ್ದೆ. ಇವತ್ತು ಯಾರು?" ಎಂದು ಕೇಳಿದಳು. ಅಕ್ಕ ಅಲ್ಲೇ ಮಣೆ ಎಳೆದು ಕೂತು, ನೀರು ಕೇಳಿ ಕುಡಿದಳು.

"ಈಗ ನನ್ನ ಮಾತು" ಎಂದಳು. "ಜೀಪು ಬಂದದ್ದು ಸುಳ್ಳಲ್ಲ. ಅಂಗಳ ಕೊಟ್ಟಿದ್ದೂ ಸುಳ್ಳಲ್ಲ. ಆದ್ರೆ ಬ್ಯಾಣದ ಮಾತು ನಾನು ಅವರ ಬಾಯಿಗೆ ಹಾಕಿದ್ದು. ಅಷ್ಟು ದೊಡ್ಡ ಮಾತು ಆಡೋ ಯೋಗ್ಯತೆ ಅವರಿಗದೆ. ಇಷ್ಟು ವರ್ಷದಾಗೆ ಆಡಿದ್ರನಾ? ಅವರು ಆಡ್ಲಿ ಅಂತ ನೀವು ಕಾಯ್ತಾನೇ ಇರ್ತೀರನಾ, ಅಲ್ಲ ನೀವೇ ಕೇಳ್ತೀರನಾ?"

ಮುದುಕಿ ಬೆಂಕಿ ಕೆದಕಿ, ಒಲೆಗೆ ಇನ್ನೊಂದು ಸೌದೆ ನೂಕಿದಳು. ನಾನು ಎಷ್ಟೋ ಕೂಟಗಳಿಗೆ ಮೈಕು ಕಟ್ಟಿದ್ದೇನೆ. ಅಷ್ಟು ಒಳ್ಳೆಯ ಅರ್ಥವನ್ನು ನಾನು ಕೇಳಿದ್ದು ಆ ಹೊಗೆ ತುಂಬಿದ ಅಡಿಗೆಮನೆಯಲ್ಲಿ, ಮೈಕಿಲ್ಲದೆ. ಆದರೆ ಬಾಯಿಂದ ಬಾಯಿಗೆ ಹೋಗುವ ಮಾತು ಫೋನಿನಿಂದ ಫೋನಿಗೆ ಹಾರುವ ಮಾತನ್ನು ಎಲ್ಲಿ ಹಿಡಿಯಬೇಕು...

ಅಕ್ಕ ಸೋತಳು. ಕೆಟ್ಟದಾಗಿ ಅಲ್ಲ, ಆದರೂ ಸೋಲೇ. ಎಣಿಕೆ ಮುಗಿದ ಮೇಲೆ ಹೋಟೆಲಿನ ಬೆಂಚಿನ ಮೇಲೆ ಕೂತು ಚಹಾ ತಣ್ಣಗಾಗುವವರೆಗೆ ನೋಡುತ್ತಿದ್ದಳು. ರವಿಕೆಯ ಮಾತಾಡಿದ್ದ ಆಸಾಮಿಯೇ ಬಂದು, "ಇನ್ನೊಂದು ಬಿಸಿ ಚಾ ಕೊಡಾ ಅಕ್ಕಂಗೆ" ಎಂದು ಹೇಳಿ, ಏನೂ ತಮಾಷೆ ಮಾಡದೆ ಹೋದ.

ಸಾಹುಕಾರರ ಅಂಗಳದಲ್ಲಿ ವಿಜಯದ ಊಟ ಇಟ್ಟಿದ್ದರು. ಶಾಮಿಯಾನ, ಮೈಕು ನನ್ನದೇ. ಬಾಡಿಗೆ ವ್ಯಾಪಾರದಲ್ಲಿ ಇಂಥವರಿಗೆ ಕೊಡುವುದಿಲ್ಲ ಎನ್ನಬಾರದು, ಅದು ನನ್ನ ನಿಯಮ. ಆದರೆ ಅವತ್ತು ಕೆಂಪು ಟೊಪ್ಪಿಯ ಮೈಕನ್ನೇ ಒಯ್ದೆ. ಒಂದು ಹಾರ್ನನ್ನು ಹಲಸಿನ ಮರಕ್ಕೆ ಕಟ್ಟಿ ಲೈನಿನ ಕಡೆಗೂ ತಿರುಗಿಸಿದೆ. ಹಾರತುರಾಯಿ ನಡೆಯುತ್ತಿದ್ದಾಗ ಲೈನಿನವರು ಗುಂಪಾಗಿ ಬಂದು ಬೇಲಿಯ ಹೊರಗೆ ನಿಂತರು. ಒಲೆಯ ಮುಂದಿನ ಆ ಮುದುಕಿ ಫೋನೊಂದನ್ನು ಎತ್ತಿ ಹಿಡಿದು ಸೀದಾ ನನ್ನ ಹತ್ತಿರ ಬಂದಳು.

"ಇದನ್ನ ನಿನ್ನ ಮೈಕಿಗೆ ಹಿಡಿ ತಮ್ಮ. ಸಾವ್ಕಾರ್ರ ಭರವಸೆ ಅಂತೆ. ಇಲ್ಲೇ ಬರ್ದದೆ. ಎಲ್ಲರೂ ಕೇಳ್ಲಿ."

ನಾನು ಸಾಹುಕಾರರ ಮುಖ ನೋಡಿದೆ. ಅವರ ಹುಡುಗರು ಎದ್ದು ಬಂದಿದ್ದರು. ಸಾಹುಕಾರರು ಕೈಯೆತ್ತಿ ಅವರನ್ನು ತಡೆದು, "ಹಿಡಿ, ಕೇಳಾಣ" ಎಂದರು.

ಹಿಡಿದೆ. ಯಾವ ಅಂಗಳದೊಳಗೆ ಅಕ್ಕ ಒಂದು ದಿನವೂ ಕೂರಲಿಲ್ಲವೋ ಅಲ್ಲಿ ಅವಳ ದನಿ ಎದ್ದು ನಿಂತಿತು. ಒಂದು ಹಾರ್ನಿನಿಂದ ಒಳಕ್ಕೆ, ಒಂದರಿಂದ ಲೈನಿಗೆ. ಸಾಹುಕಾರರು ಒಳ್ಳೆಯ ಕೂಟದಲ್ಲಿ ಕೂತ ಹಾಗೆ ಕಣ್ಣು ಮುಚ್ಚಿ ಕೇಳಿದರು. ಬ್ಯಾಣದ ಮಾತು ಬಂದಾಗ ಕಣ್ಣು ತೆರೆದರು. ಮುಗಿದ ಮೇಲೆ ಅಂಗಳದಲ್ಲಿ ಯಾರೂ ಎಲೆಗೆ ಕೈ ಹಾಕಲಿಲ್ಲ.

"ನನ್ನ ಪಾತ್ರವನ್ನ ನನಗಿಂತ ಚೆಂದ ಮಾಡಿದಾಳೆ" ಎಂದರು ಕೊನೆಗೆ. ತಮ್ಮ ಹುಡುಗರ ಕಡೆ ತಿರುಗಿ, "ಇದನ್ನ ಊರಿಗೆಲ್ಲ ಕಳಿಸಿದವರು ನೀವೇ ತಾನೆ? ಇನ್ನು ನಾನು ಪಾತ್ರ ಅರ್ಧಕ್ಕೆ ಬಿಟ್ಟು ಏಳಕ್ಕೆ ಆಗದಿಲ್ಲ ಮಾರಾಯ್ರಾ" ಎಂದರು.

ಮಾತಿಗೂ ಹಕ್ಕುಪತ್ರಕ್ಕೂ ನಡುವೆ ಎಷ್ಟು ಕಚೇರಿಗಳಿರುತ್ತವೆ ಎಂದು ಅಲೆದವರಿಗೆ ಗೊತ್ತು. ವರ್ಷಗಳು ಹಿಡಿದವು. ಆದರೆ ಬ್ಯಾಣದಲ್ಲಿ ಕೊನೆಗೆ ಸೈಟಿನ ಕಲ್ಲು ನೆಟ್ಟರು, ಒಂದೊಂದಾಗಿ ಮನೆಗಳು ಎದ್ದವು.

ನಾನು ಒಮ್ಮೆ ಅಕ್ಕನನ್ನು ಕೇಳಿದೆ, ಇದೆಲ್ಲ ಹೀಗೇ ಆಗುತ್ತದೆಂದು ಮೊದಲೇ ಎಣಿಸಿದ್ದೆಯಾ ಎಂದು. ನನ್ನಂಥ ವ್ಯಾಪಾರಿಗೆ ಅದು ಎಂಥ ದೊಡ್ಡ ಪಟ್ಟು ಎನ್ನಿಸಿತ್ತು. ಅವಳು ಲವಂಗವನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದಳು. "ಇಲ್ಲ ಮಾರಾಯ. ನಂಗೆ ಗೆಲ್ಲಬೇಕಿತ್ತು" ಎಂದಳು. ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಬೇರೆ ಯಾವತ್ತೂ ಕೇಳಿಲ್ಲ...

ಸೈಟು ಸಿಕ್ಕಿದ್ದು ಲೈನಿನಲ್ಲಿ ಇದ್ದವರಿಗೆ. ಅಕ್ಕ ಲೈನು ಬಿಟ್ಟು ಬಂದವಳು, ಅವಳ ಹೆಸರು ಬರಲಿಲ್ಲ. ಸಾಹುಕಾರರ ಹತ್ತಿರ ನಾನೇ ಹೋಗಿ ಮಾತಾಡುತ್ತೇನೆ, ಒಂದು ಮೂಲೆ ಜಾಗ ಬಿಡಿಸಿಕೊಂಡು ಬರುತ್ತೇನೆ ಎಂದೆ. ಬೇಡವೆಂದಳು. ಹಟ ಹಿಡಿದೆ. ಕೇಳದೆ ಸಿಗುವುದಿಲ್ಲ, ಕೇಳುವುದರಲ್ಲಿ ನಾಚಿಕೆಯಿಲ್ಲ, ಅದು ನಾನು ಬದುಕಿದ ರೀತಿ ಎಂದೆ.

"ನಾನು ಈಗ ಒಂದು ಜಾಗ ಕೇಳಿದ್ರೆ, ಅವತ್ತು ಆಡಿದ ಮಾತೆಲ್ಲ ನಂಗೋಸ್ಕರ ಆಡಿದ್ದು ಅಂತ ಆಗ್ತದೆ. ಆ ಮಾತು ಹಾಳ್ ಮಾಡ್ಬೇಡ" ಎಂದಳು. ನಾನು ಕೊಪ್ಪದ ಪೇಟೆಯಲ್ಲಿ ಯಾರೊಡನೆಯೂ ಚೌಕಾಸಿಯಲ್ಲಿ ಸೋತವನಲ್ಲ. ಅವಳೊಡನೆ ಸೋತೆ.

ಎರಡು ಮಳೆಗಾಲ ಕಳೆದಿರಬೇಕು. ಎದೆನೋವೆಂದು ಅಕ್ಕನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದವರು ಸಂಜೆ ಆಂಬುಲೆನ್ಸಿನಲ್ಲಿ ವಾಪಸ್ಸು ತಂದರು. ಬಾಡಿಗೆ ಕೋಣೆಯ ಮಾಲೀಕರು ಒಳ್ಳೆಯವರೇ. ಆದರೂ, ಹೆಣ ಒಳಗೆ ಇಡುವುದು ಬೇಡ, ನಮ್ಮ ಮನೆಯಲ್ಲಿ ಮದುವೆ ಗೊತ್ತಾಗಿದೆ ಎಂದು ತಲೆತಗ್ಗಿಸಿದರು. ರಸ್ತೆಯಲ್ಲಿ ಆಂಬುಲೆನ್ಸು ನಿಂತಿತ್ತು. ಎಲ್ಲಿಗೆ ಒಯ್ಯುವುದು? ನಮ್ಮ ಮನೆಗೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಫೋನು ಬಂತು. ಬ್ಯಾಣದಿಂದ, ಆ ಮುದುಕಿ.

"ಇಲ್ಲಿಗೆ ತನ್ನಿ. ಇದು ನಮ್ದೇ ಮನೆ. ಯಾರನ್ನೂ ಕೇಳದು ಬೇಡ."

ಅವಳ ಹೊಸ ಮನೆಯ ಜಗಲಿಯ ಮೇಲೆ ಅಕ್ಕನನ್ನು ಮಲಗಿಸಿದೆವು. ಸಾಹುಕಾರರೂ ಬಂದರು. ಬೇಲಿಯಿಲ್ಲದ ಆ ಅಂಗಳದಲ್ಲಿ ಎಲ್ಲರ ಜೊತೆ ಕಡೇ ಸಾಲಿನಲ್ಲಿ ನಿಂತಿದ್ದರು...

"ಏನ್ರೀ, ಅದನ್ನ ಕೊಡ್ತೀರಾ ಇಲ್ವಾ?" ಗುಜರಿಯವನು ಎರಡನೆಯ ಸಲವೋ ಮೂರನೆಯ ಸಲವೋ ಕೇಳುತ್ತಿದ್ದ.

"ಅದು ಕೆಟ್ಟಿದೆ" ಎಂದೆ. ಗುಜರಿಯವನಿಗೆ ಕೆಟ್ಟದ್ದೇ ಬೇಕು ಎನ್ನುವುದು ಮರೆತೇಹೋಗಿತ್ತು. ಅವನು ನನ್ನ ಮುಖ ನೋಡಿ, ನಕ್ಕು, ಉಳಿದದ್ದನ್ನು ಲಾರಿಗೆ ಹೇರಿಕೊಂಡು ಹೋದ. ಹಾರ್ನ್‌ಗಳೂ ಹೋದವು, ಹಲಸಿನ ಮರಕ್ಕೆ ಕಟ್ಟುತ್ತಿದ್ದದ್ದೂ.

ಗೋಡೌನು ಖಾಲಿಯಾಗಿತ್ತು. ಮಾರದೆ ಉಳಿಸಿಕೊಂಡಿದ್ದ ಸಣ್ಣ ಸ್ಪೀಕರಿಗೆ ಮೈಕು ಸಿಕ್ಕಿಸಿದೆ. ಸ್ವಲ್ಪ ಗರಗರ ಎಂದು, ಸೀಟಿ ಹೊಡೆದು, ಆಮೇಲೆ ಸುಮ್ಮನಾಯಿತು. ಕೆಂಪು ಟೊಪ್ಪಿಗೆ ಬಾಯಿ ತಂದೆ.

"ಕಡೇ ಸಾಲಿನೋರಿಗೆ ಕೇಳ್ತದಾ?"

ಬರಿಗೋಡೆಗಳಿಗೆ ತಾಗಿ ನನ್ನ ದನಿ ನನಗೇ ಬಂತು. ಕಾದೆ. ಉತ್ತರ ಬರುವವರೆಗೆ ಅವಳು ಕಾಯುತ್ತಿದ್ದಳಲ್ಲ, ಹಾಗೆ ಕಾದೆ.

ಹೊರಗಿನಿಂದ ಹೆಂಡತಿ ಕೂಗಿದಳು: "ಒಬ್ರೇ ಯಾರ ಹತ್ರ ಮಾತಾಡ್ತಿದೀರಿ?"

"ಎಂತ ಇಲ್ಲ ಮಾರಾಯ್ತಿ" ಎಂದೆ. "ಟೆಸ್ಟಿಂಗ್."